ದೊಡ್ಡಪ್ಪನಿಗೆ ಜಂತುಹುಳುವಿನ ಔಷಧಿ

ಆಫೀಸಿನಲ್ಲಿ ಅವಳನ್ನು ಎಲ್ಲರೂ ‘ಅಲ್ಪವಿರಾಮ’ ಎಂದೇ ಕರೆಯುತ್ತಿದ್ದರು. ಎಲ್ಲರೂ ಎಂದರೆ ಇಬ್ಬರು. ಒಬ್ಬರು ಯಜಮಾನರು, ಇನ್ನೊಬ್ಬ ಬಣ್ಣ, ಚಿತ್ರಗಳ ಕೆಲಸ ನೋಡಿಕೊಳ್ಳುವ ಡಿಸೈನರ್. ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲೇ ಅವಳು ಒಂದು ಹೂವಿನಂಗಡಿಯ ವೆಬ್‌ಸೈಟನ್ನು ಮಕಾಡೆ ಮಲಗಿಸಿದ್ದಳು. ಎರಡು ದಿನ ತಡಕಾಡಿದ ಮೇಲೆ ಗೊತ್ತಾಯಿತು, ಕಂಪ್ಯೂಟರಿಗೆ ಆದೇಶ ಕೊಡುವ ನಾನೂರು ಸಾಲಿನ ಸ್ಕ್ರಿಪ್ಟಿನಲ್ಲಿ ಒಂದೇ ಒಂದು ಅಲ್ಪವಿರಾಮ ಬಿಟ್ಟುಹೋಗಿತ್ತು. ಅದಕ್ಕೂ ಮೊದಲು ಹದಿನಾಲ್ಕು ವರ್ಷ ಅವಳು ಅಚ್ಚುಕೂಟವೊಂದರಲ್ಲಿ ಕರಡು ತಿದ್ದುತ್ತಿದ್ದಳು. ಕಂಡಕಂಡವರ ಅಲ್ಪವಿರಾಮಗಳನ್ನೆಲ್ಲ ಸರಿಮಾಡಿದ ಮಹಾತಾಯಿ ತನ್ನದೊಂದನ್ನು ಕಳೆದುಕೊಂಡಳಲ್ಲ ಎಂದು ಯಜಮಾನರು ಹೊಟ್ಟೆ ಹಿಡಿದುಕೊಂಡು ನಕ್ಕರು. ಹೆಸರು ಅಂಟಿಕೊಂಡಿತು.

ಮನೆಯವರಿಗೆ ಮಾತ್ರ ಅವಳು ಪುಟ್ಟಿ. ವಯಸ್ಸು ನಲವತ್ತೆರಡಾದರೂ ಪುಟ್ಟಿಯೇ.

ಅಚ್ಚುಕೂಟದವರು ಕರಡು ತಿದ್ದುವ ಕೆಲಸವನ್ನೇ ನಿಲ್ಲಿಸಿದಾಗ ಅವಳಿಗೆ ಮೂವತ್ತೈದು. ಇಟ್ಟಿಗೆಯಷ್ಟು ದಪ್ಪದ ಪುಸ್ತಕವೊಂದನ್ನು ಗ್ರಂಥಾಲಯದಿಂದ ತಂದು, ಅಡುಗೆಮನೆಯ ಮೇಜಿನ ಮೇಲೆ ಹರಡಿಕೊಂಡು, ವೆಬ್ ಪುಟ ಕಟ್ಟುವುದನ್ನು ತಾನೇ ಕಲಿತಳು. “ಎರಡೂ ಒಂದೇ ಕೆಲಸ ಕಣ್ರೀ” ಎಂದು ಗಂಡನಿಗೆ ಹೇಳುತ್ತಿದ್ದಳು. “ಅಲ್ಲಿ ತಪ್ಪಾದ್ರೆ ಬರೆದೋರು ಬೈತಿದ್ರು, ಇಲ್ಲಿ ಕಂಪ್ಯೂಟರ್ ಬೈಯುತ್ತೆ. ಕಂಪ್ಯೂಟರ್ ಎಷ್ಟೋ ವಾಸಿ, ಯಾವ ಸಾಲಲ್ಲಿ ತಪ್ಪು ಅಂತಾದ್ರೂ ಹೇಳುತ್ತೆ.” ಗಂಡ ಲಿಫ್ಟ್ ರಿಪೇರಿ ಮಾಡುವವನು. ಮೇಲೆ ಹೋಗಬೇಕಾದದ್ದು ಮೇಲೆ, ಕೆಳಗೆ ಬರಬೇಕಾದದ್ದು ಕೆಳಗೆ ಬಂದರೆ ಅವನಿಗೆ ಲೋಕ ಸರಿಯಾಗಿಯೇ ಇದೆ ಎಂದು ಲೆಕ್ಕ. ಅವನು ತಲೆಯಾಡಿಸುತ್ತಿದ್ದ.

ಚಪ್ಪಲಿ ರಿಪೇರಿ ಅಂಗಡಿಯ ಮೇಲಿನ ಆ ಒಂದೂವರೆ ಕೋಣೆಯ ಆಫೀಸಿನಲ್ಲಿ ಅವಳ ಮೇಜು ಕಿಟಕಿಯ ಪಕ್ಕ. ಮೇಜಿನ ಮೇಲೆ ಒಂದು ಗೆರೆಯ ನೋಟ್‌ಬುಕ್ಕು, ಒಂದು ಮಣ್ಣಿನ ಹೂಜಿ. ನೋಟ್‌ಬುಕ್ಕಿನಲ್ಲಿ ಅವಳು ಪೆಟ್ಟು ತಿಂದು ಕಲಿತ ಪಾಠಗಳು: ‘ಶುಕ್ರವಾರ ಮಧ್ಯಾಹ್ನದ ಮೇಲೆ ವೆಬ್‌ಸೈಟಿಗೆ ಹೊಸದೇನನ್ನೂ ಏರಿಸಬಾರದು.’ ‘ಮುಟ್ಟುವ ಮೊದಲು ಒಂದು ನಕಲು ತೆಗೆದಿಡು.’ ‘ಫೈಲಿಗೆ ಹೆಸರು ಇಡುವಾಗ ಸೋಮಾರಿತನ ಬೇಡ, ನಾಳೆ ಓದುವವಳು ನೀನೇ.’ ಇನ್ನು ಹೂಜಿ ಇದ್ದದ್ದು ನೀರಿಗೂ ಹೌದು, ಸಂವಾದಕ್ಕೂ ಹೌದು. ಸ್ಕ್ರಿಪ್ಟ್ ಹಟ ಹಿಡಿದಾಗ ಅವಳು ಹೂಜಿಯನ್ನು ಎದುರಿಗಿಟ್ಟುಕೊಂಡು ಮೊದಲ ಸಾಲಿನಿಂದ ವಿವರಿಸುತ್ತ ಹೋಗುವಳು. ಅರ್ಧ ದಾರಿಯಲ್ಲಿ ತಪ್ಪು ತನಗೇ ಹೊಳೆದು, “ಥೂ, ಇದಾ!” ಎಂದು ಹೂಜಿಯ ತಲೆಗೆ ಮೊಟಕುವಳು. ಡಿಸೈನರ್ ಮೊದಮೊದಲು ಹೆದರಿದ್ದ. ಆಮೇಲೆ ತಾನೂ ಕದ್ದು ಕದ್ದು ಹೂಜಿಯ ಜೊತೆ ಮಾತಾಡಲು ಶುರುಮಾಡಿದ.

ಹೀಗಿರುವಾಗ ಪ್ರಾಣಿಗಳ ಆಸ್ಪತ್ರೆಯೊಂದರ ಕೆಲಸ ಬಂತು. ಅಲ್ಲಿನ ಡಾಕ್ಟರಮ್ಮನಿಗೆ ಬೇಕಾಗಿದ್ದದ್ದು ಇಷ್ಟೆ. ಜನ ತಮ್ಮ ನಾಯಿ, ಬೆಕ್ಕು, ಮೇಕೆಗಳ ಹೆಸರನ್ನು ವೆಬ್‌ಸೈಟಿನಲ್ಲಿ ಬರೆಸಬೇಕು; ಚುಚ್ಚುಮದ್ದೋ ಮಾತ್ರೆಯೋ ಕೊಡುವ ದಿನ ಬಂದಾಗ ಅವರ ಮೊಬೈಲಿಗೆ ತಾನಾಗಿಯೇ ನೆನಪಿನ ಸಂದೇಶ ಹೋಗಬೇಕು. ಅಲ್ಪವಿರಾಮ ಅದಕ್ಕೊಂದು ಸ್ಕ್ರಿಪ್ಟ್ ಬರೆದಳು. ಸ್ಕ್ರಿಪ್ಟ್ ಇರುವುದು ಕ್ಲೌಡಿನಲ್ಲಿ, ಅಂದರೆ ಎಲ್ಲೋ ದೂರದ ಕಟ್ಟಡದಲ್ಲಿ ಬಾಡಿಗೆಗೆ ಸಿಗುವ ಕಂಪ್ಯೂಟರಿನಲ್ಲಿ. ದಿನಾ ಬೆಳಿಗ್ಗೆ ಹತ್ತಕ್ಕೆ ಅದು ಎದ್ದು, ಪಟ್ಟಿ ನೋಡಿ, ಒಬ್ಬೊಬ್ಬರಿಗೇ ಸಂದೇಶ ಕಳುಹಿಸಿ ಮತ್ತೆ ಮಲಗಬೇಕು. ಬರುತ್ತೇನೆ ಎಂದು ಉತ್ತರಿಸಿದವರ ಪ್ರಾಣಿಯ ವಿವರ ಆಸ್ಪತ್ರೆಯ ಕಂಪ್ಯೂಟರಿಗೆ ಹೋಗಬೇಕು.

ಪರೀಕ್ಷೆ ಮಾಡಿ ನೋಡಲು ಒಂದು ಪಟ್ಟಿ ಬೇಕಲ್ಲ? ಆಸ್ಪತ್ರೆಯ ನಿಜವಾದ ಪಟ್ಟಿ ಇನ್ನೂ ಕೈಸೇರಿರಲಿಲ್ಲ. ಸುಳ್ಳು ಹೆಸರು, ಸುಳ್ಳು ನಂಬರ್ ಕಟ್ಟಿ ಕೂರಲು ಅವಳಿಗೆ ಬೇಸರ. ಮೊಬೈಲ್ ತೆಗೆದು ನೆಂಟರಿಷ್ಟರ ಹೆಸರನ್ನೇ ಇಳಿಸಿದಳು.

ದೊಡ್ಡಪ್ಪ ಬುಲ್‌ಡಾಗ್ ಆದರು. ‘ತೂಕ ಜಾಸ್ತಿ. ಅಪರಿಚಿತರನ್ನು ಕಂಡರೆ ಗುರ್ ಎನ್ನುತ್ತದೆ.’ ಚಿಕ್ಕಮ್ಮ ಗಿಳಿ. ‘ಬಾಯಿ ನಿಲ್ಲಿಸಲು ಪಂಜರದ ಮೇಲೆ ಬಟ್ಟೆ ಹೊದಿಸಬೇಕು.’ ಸೋದರಮಾವ ಆಮೆ. ತಮ್ಮ ಮೇಕೆ, ಕಾರಣ ಅವನು ಏನು ಕೊಟ್ಟರೂ ತಿನ್ನುತ್ತಾನೆ. ನಾದಿನಿ ಉದ್ದ ಕೂದಲಿನ ಬೆಕ್ಕು. ಅತ್ತೆಯನ್ನು ಮಾತ್ರ ಮುನ್ನೆಚ್ಚರಿಕೆಯಾಗಿ ಹಂಸ ಮಾಡಿ, ‘ಸ್ವಭಾವ ಬಹಳ ಮೃದು’ ಎಂದು ಬರೆದಳು. ಯಾರೂ ನೋಡುವುದಿಲ್ಲ, ನಿಜ. ಆದರೂ ಅತ್ತೆ ಅಂದಮೇಲೆ ಅತ್ತೆ. ಕೊನೆಯ ಸಾಲಿನಲ್ಲಿ ಗಂಡ, ಕುದುರೆಯಾಗಿ. ಗಂಡನ ನಂಬರು ಮೊಬೈಲಿನಲ್ಲಿ ‘ರೀ’ ಎಂಬ ಹೆಸರಿನಲ್ಲಿತ್ತು. ಅದನ್ನು ಹುಡುಕುವುದೇಕೆ, ಕಟ್ಟಿಕೊಂಡ ಗಂಡನ ನಂಬರು ಬಾಯಿಪಾಠವಿಲ್ಲವೇ ಎಂದು ನೆನಪಿನಿಂದಲೇ ಬರೆದಳು.

ಸಂದೇಶ ನಿಜವಾಗಿ ಹೊರಗೆ ಹೋಗಬಾರದು ಎಂಬ ಎಚ್ಚರ ಅವಳಿಗೆ ಇತ್ತು. ಅದಕ್ಕೇ ಕ್ಲೌಡಿನ ಸೆಟ್ಟಿಂಗ್ಸ್ ಪುಟದಲ್ಲಿ ‘ಕಳುಹಿಸು’ ಎಂಬ ಚೌಕವೊಂದನ್ನು ಮಾಡಿಟ್ಟಿದ್ದಳು. ಅದರಲ್ಲಿ ‘ಬೇಡ’ ಎಂದು ಬರೆದಳು. ಮಂಗಳವಾರ ಬೆಳಿಗ್ಗೆ ಒಂಬತ್ತೂವರೆಗೆ ಸ್ಕ್ರಿಪ್ಟನ್ನು ಏರಿಸಿ, ಮೊಬೈಲನ್ನು ಸದ್ದಿಲ್ಲದಂತೆ ಮಾಡಿ, ಹುಳುಕು ಹಲ್ಲು ತುಂಬಿಸಿಕೊಳ್ಳಲು ದಂತವೈದ್ಯರಲ್ಲಿಗೆ ನಡೆದಳು.

ಅವಳು ಕುರ್ಚಿಯಲ್ಲಿ ಒರಗಿ ಬಾಯಿ ತೆರೆದಾಗ ಹತ್ತು ಗಂಟೆ. ಅದೇ ಹೊತ್ತಿಗೆ ಅತ್ತ ಸ್ಕ್ರಿಪ್ಟ್ ಎದ್ದಿತು.

ಮುಂದೆ ನಡೆದದ್ದನ್ನು ಅವಳು ಕಣ್ಣಾರೆ ನೋಡಲಿಲ್ಲ. ಆದರೆ ಚಿಕ್ಕಮ್ಮ ಅದನ್ನು ಆಮೇಲೆ ಏಳೆಂಟು ಸಲ ಅಭಿನಯಿಸಿ ತೋರಿಸಿದ್ದರಿಂದ ಕಣ್ಣಾರೆ ನೋಡಿದವರಿಗಿಂತ ಹೆಚ್ಚೇ ಗೊತ್ತಾಯಿತು.

ದೊಡ್ಡಪ್ಪನ ಮನೆ ಮಹಡಿಯ ಮೇಲೆ, ಚಿಕ್ಕಮ್ಮನದು ಕೆಳಗೆ. ದೊಡ್ಡಪ್ಪ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿ ನಿವೃತ್ತರಾದವರು. ಸಂದೇಶ ಯಾವುದೇ ಬರಲಿ, ಕೆಳಗೊಂದು ವಿಳಾಸವಿದ್ದರೆ ಅದು ಅವರಿಗೆ ಆದೇಶ. ಬೀದಿಯವರೆಲ್ಲ ಅವರನ್ನು ದೊಡ್ಡಪ್ಪ ಎಂದೇ ಕರೆಯುವುದರಿಂದ ಹೆಸರಿನ ಬಗ್ಗೆಯೂ ಅವರಿಗೆ ಅನುಮಾನ ಬರಲಿಲ್ಲ. ಸಂದೇಶ ಹೀಗಿತ್ತು: ‘ಇಂದು ದೊಡ್ಡಪ್ಪನಿಗೆ ಜಂತುಹುಳುವಿನ ಔಷಧಿ ಕೊಡಿಸುವ ದಿನ. ಖಾಲಿ ಹೊಟ್ಟೆಯಲ್ಲಿ ಕರೆತನ್ನಿ. ಬರುವಿರಾದರೆ ಒಂದು ಒತ್ತಿ.’

ಐದು ನಿಮಿಷ ಬಿಟ್ಟು ಅದೇ ಸಂದೇಶ ಮತ್ತೆ ಬಂತು. ಮತ್ತೈದು ನಿಮಿಷಕ್ಕೆ ಮತ್ತೆ. ದೊಡ್ಡಪ್ಪ ಮಹಡಿಯಿಂದ ಬಗ್ಗಿ ಕೂಗಿದರು.

“ಏನಮ್ಮಾ, ನಿನಗೇನಾದ್ರೂ ಬಂತಾ?”

“ಬಂತು ಭಾವ. ‘ಚಿಕ್ಕಮ್ಮನಿಗೆ ಉಗುರು ಕತ್ತರಿಸುವ ದಿನ’ ಅಂತಿದೆ. ನನ್ನ ಉಗುರಿನ ವಿಚಾರ ಇವರಿಗೆ ಯಾರು ಹೇಳಿದ್ದು?”

“ಅದಿರಲಿ, ನನಗೆ ಹೊಟ್ಟೇಲಿ ಹುಳ ಅಂತೆ. ಮೂರು ಸಲ ಹೇಳಿದಾರೆ. ಮೂರು ಸಲ ಹೇಳ್ತಾರೆ ಅಂದ್ರೆ ವಿಷಯ ಸಣ್ಣದಲ್ಲ.”

ಚಿಕ್ಕಮ್ಮ ಒಂದು ಒತ್ತಿಯೇಬಿಟ್ಟಳು. ತಕ್ಷಣ ಉತ್ತರ ಬಂತು: ‘ಧನ್ಯವಾದ. ಚಿಕ್ಕಮ್ಮ ಕಚ್ಚುವ ಸ್ವಭಾವದ್ದಾದರೆ ಮುಂಚಿತವಾಗಿ ತಿಳಿಸಿ.’

“ಭಾವ, ಇದು ಯಾಕೋ ಅತಿಯಾಯ್ತು. ನಡೀರಿ, ಹೋಗಿ ಮುಖದ ಮೇಲೇ ಕೇಳೋಣ.”

ದೊಡ್ಡಪ್ಪ ತಾವೂ ಒಂದು ಒತ್ತಿ, ಬೆಳಗಿನ ತಿಂಡಿಯನ್ನು ಮುಟ್ಟದೆ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೊರಟರು. ಬಸ್ಸಿನಲ್ಲಿ ಕೂತಿದ್ದಾಗಲೂ ಇಬ್ಬರ ಮೊಬೈಲೂ ಐದೈದು ನಿಮಿಷಕ್ಕೊಮ್ಮೆ ಒಟ್ಟಿಗೆ ಟಿಂಗ್ ಎನ್ನುತ್ತಿದ್ದವು. ಇಳಿಯುವ ಹೊತ್ತಿಗೆ ದೊಡ್ಡಪ್ಪನ ಮುಖ ಬಿಳಿಚಿಕೊಂಡಿತ್ತು. ತಾನು ಕೈಮೀರಿದ ಕೇಸೇ ಇರಬೇಕು ಎಂದು ಅವರು ತೀರ್ಮಾನಿಸಿಬಿಟ್ಟಿದ್ದರು.

ಆಸ್ಪತ್ರೆಯ ಬೆಂಚಿನ ಮೇಲೆ ಒಂದು ಕಡೆ ಮೇಕೆ, ಇನ್ನೊಂದು ಕಡೆ ಬುಟ್ಟಿಯೊಳಗಿನ ಬೆಕ್ಕು, ಮಧ್ಯೆ ಜಾಗ ಖಾಲಿ. ದೊಡ್ಡಪ್ಪ ಬೆನ್ನು ನೆಟ್ಟಗೆ ಮಾಡಿಕೊಂಡು ಅಲ್ಲಿ ಕೂತರು. ಜನ ಸಾಕುಪ್ರಾಣಿಗಳನ್ನೆಲ್ಲ ಆಸ್ಪತ್ರೆಗೆ ಕರೆತರುತ್ತಾರಲ್ಲ, ಶಿಸ್ತೇ ಇಲ್ಲ ಎಂದು ಗೊಣಗಿಕೊಂಡರು. ಕಾಂಪೌಂಡರ್ ಹೊರಬಂದು ಕೂಗಿದ.

“ದೊಡ್ಡಪ್ಪ! ಯಾರ್ರೀ ದೊಡ್ಡಪ್ಪ?”

“ನಾನೇ” ಎಂದು ಎದ್ದರು.

“ನೀವು ಸರಿ, ನಾಯಿ ಎಲ್ಲಿ?”

“ನಾಯಿ ಯಾಕಪ್ಪ? ಔಷಧಿ ನನಗೆ. ಖಾಲಿ ಹೊಟ್ಟೇಲೇ ಬಂದಿದೀನಿ.”

ಕಾಂಪೌಂಡರ್ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಕೈಯಲ್ಲಿದ್ದ ಕಾಗದ ನೋಡಿದ. “ಇಲ್ಲಿ ಬುಲ್‌ಡಾಗ್ ಅಂತಿದೆ. ವಯಸ್ಸು ಒಂಬತ್ತು.”

ದೊಡ್ಡಪ್ಪ ಕಾಗದ ಕಸಿದುಕೊಂಡು ಓದಿದರು. ‘ಅಪರಿಚಿತರನ್ನು ಕಂಡರೆ ಗುರ್ ಎನ್ನುತ್ತದೆ’ ಎಂಬಲ್ಲಿಗೆ ಬಂದಾಗ ಅವರ ಗಂಟಲಿನಿಂದ ಹೊರಟ ಸದ್ದು ಯಾವುದು ಎಂಬುದನ್ನು ಚಿಕ್ಕಮ್ಮ ಪ್ರತಿಸಲವೂ ವಿಶೇಷ ಶ್ರದ್ಧೆಯಿಂದ ಮಾಡಿ ತೋರಿಸುತ್ತಾಳೆ. ಬೆಂಚಿನ ಮೇಕೆ ಎರಡು ಹೆಜ್ಜೆ ಹಿಂದೆ ಸರಿಯಿತಂತೆ.

ಇತ್ತ ಅಲ್ಪವಿರಾಮ ಹಲ್ಲು ತುಂಬಿಸಿಕೊಂಡು ಹೊರಬಂದು ಮೊಬೈಲ್ ನೋಡುತ್ತಾಳೆ, ಅರವತ್ತೆರಡು ಕರೆಗಳು. ತಮ್ಮನದು, ನಾದಿನಿಯದು, ಸೋದರಮಾವನದು. ಅತ್ತೆಯದು ಒಂದೇ ಕರೆ, ಆದರೆ ಅದೊಂದೇ ಸಾಕಾಗಿತ್ತು. ಮರಗಟ್ಟುವ ಔಷಧಿಯಿಂದ ಅವಳ ಅರ್ಧ ಮುಖ ಅವಳದಾಗಿರಲಿಲ್ಲ. ತುಟಿ ಸೇರುತ್ತಲೇ ಇರಲಿಲ್ಲ. ಮೊದಲು ಸಿಕ್ಕಿದ್ದು ತಮ್ಮನ ಕರೆ.

“ಅಕ್ಕಾ, ನನಗೆ ಯಾರೋ ಕೊಂಬು ತೋರಿಸಿ ಅಂತಿದಾರೆ!”

“ಅದು ಹರೀಕ್ಷೆ ಕಣೋ, ಹರೀಕ್ಷೆ!”

“ಏನು? ಯಾರು ಹರಿ?”

“ಹರಿಯಲ್ಲ! ಹರೀಕ್ಷೆ! ಸಂದೇಶ ಹೋಗಹಾರದಿತ್ತು!”

“ಅಕ್ಕಾ, ನೀನು ಕುಡಿದಿದೀಯಾ?”

ಫೋನಿಟ್ಟು ಓಡಿದಳು. ದೊಡ್ಡಪ್ಪ ಪ್ರಾಣಿಗಳ ಆಸ್ಪತ್ರೆಯಲ್ಲಿದ್ದಾರೆ ಎಂದು ಚಿಕ್ಕಮ್ಮನ ಹನ್ನೊಂದು ಧ್ವನಿ ಸಂದೇಶಗಳಿಂದ ತಿಳಿದಿತ್ತು. ಏದುಸಿರು ಬಿಡುತ್ತ ಒಳಗೆ ನುಗ್ಗಿದಾಗ ಅಲ್ಲಿನ ನೋಟ ಅವಳು ಹೆದರಿದ್ದಕ್ಕಿಂತ ವಿಚಿತ್ರವಾಗಿತ್ತು. ದೊಡ್ಡಪ್ಪ ಕರುಗಳನ್ನು ತೂಗುವ ದೊಡ್ಡ ತಕ್ಕಡಿಯ ಮೇಲೆ ಕೈಕಟ್ಟಿ ನಿಂತಿದ್ದರು. ಡಾಕ್ಟರಮ್ಮ ತೋಳು ಮಡಚಿಕೊಂಡು ಮುಳ್ಳು ನೋಡುತ್ತಿದ್ದರು.

“ಬಂದಿದ್ದಂತೂ ಬಂದಾಯ್ತು, ತೂಕ ಆದ್ರೂ ನೋಡಿ ಅಂದೆ” ಎಂದರು ದೊಡ್ಡಪ್ಪ. ಅವಳನ್ನು ಕಂಡಿದ್ದೇ ತಡ, ತಕ್ಕಡಿಯಿಂದ ಇಳಿದರು. “ಬಾಮ್ಮ ಪುಟ್ಟಿ. ನಿನ್ನನ್ನ ಎತ್ತಿ ಆಡಿಸಿದೋನು ನಾನು. ನಾನು ಬುಲ್‌ಡಾಗಾ?”

“ತಹ್ಹಾಯ್ತು ದೊಡ್ಡಹ್ಹ...”

“ನೋಡಿ, ಅಣಕಿಸ್ತಾಳೆ ಬೇರೆ!”

“ಅಣಕ ಅಲ್ಲ, ಹಲ್ಲು...” ಎಂದು ಅವಳು ಕೆನ್ನೆ ತೋರಿಸಿದಳು. ಅಷ್ಟರಲ್ಲಿ ದೊಡ್ಡಪ್ಪನ, ಚಿಕ್ಕಮ್ಮನ ಮೊಬೈಲುಗಳು ಟಿಂಗ್ ಎಂದವು. ಹದಿನೆಂಟನೆಯ ಸಲ.

“ಮೊದ್ಲು ಅದನ್ನ ನಿಲ್ಲಿಸು ಮಾರಾಯ್ತಿ” ಎಂದಳು ಚಿಕ್ಕಮ್ಮ.

ಅಲ್ಪವಿರಾಮ ಆಸ್ಪತ್ರೆಯ ಕಂಪ್ಯೂಟರಿನ ಮುಂದೆ ಕೂತು ಕ್ಲೌಡಿನ ಪುಟ ತೆರೆದಳು. ಸ್ಕ್ರಿಪ್ಟಿನ ಗಡಿಯಾರವನ್ನು ಮೊದಲು ನಿಲ್ಲಿಸಿದಳು. ಆಮೇಲೆ ಕಾರಣ ಹುಡುಕತೊಡಗಿದಳು. ಅವಳ ಹಿಂದೆ ದೊಡ್ಡಪ್ಪ, ಚಿಕ್ಕಮ್ಮ, ಡಾಕ್ಟರಮ್ಮ, ಕಾಂಪೌಂಡರ್, ಬೆಕ್ಕಿನ ಬುಟ್ಟಿಯ ಹೆಂಗಸು ಎಲ್ಲರೂ ಕುತ್ತಿಗೆ ಚಾಚಿ ನಿಂತರು. ಹೂಜಿಯ ಮುಂದೆ ಮಾತಾಡಿ ಅಭ್ಯಾಸವಿದ್ದವಳಿಗೆ ಬಾಯಿಬಿಟ್ಟು ವಿವರಿಸದೆ ಯೋಚನೆಯೇ ಓಡದು. ಮರಗಟ್ಟಿದ ಬಾಯಲ್ಲೇ ಶುರುಮಾಡಿದಳು. ಹದಿನೈದು ನಿಮಿಷಕ್ಕೆ ತುಟಿ ಸ್ವಲ್ಪ ಸ್ವಲ್ಪವಾಗಿ ದಾರಿಗೆ ಬಂತು.

ಮೊದಲ ತಪ್ಪು ಸಿಕ್ಕಿತು. ‘ಕಳುಹಿಸು’ ಎಂಬ ಚೌಕದಲ್ಲಿ ಅವಳು ‘ಬೇಡ’ ಎಂದು ಬರೆದಿದ್ದಳು, ಸರಿ. ಆದರೆ ಸ್ಕ್ರಿಪ್ಟ್ ಆ ಪದವನ್ನು ಓದುತ್ತಲೇ ಇರಲಿಲ್ಲ. ಚೌಕ ಖಾಲಿ ಇದೆಯೋ ತುಂಬಿದೆಯೋ ಅಷ್ಟನ್ನೇ ನೋಡುತ್ತಿತ್ತು. ಖಾಲಿ ಇದ್ದರೆ ಇಲ್ಲ. ಏನಾದರೂ ಬರೆದಿದ್ದರೆ, ಏನೇ ಬರೆದಿದ್ದರೂ, ಹೌದು.

“ಅಂದ್ರೆ ಬೇಡ ಅಂದ್ರೂ ಅದಕ್ಕೆ ಬೇಕು ಅಂತಾನೇ ಕೇಳಿಸುತ್ತಾ?” ಎಂದರು ಡಾಕ್ಟರಮ್ಮ.

“ಇವಳು ಊಟಕ್ಕೆ ಬಡಿಸೋ ಹಾಗೆ” ಎಂದು ದೊಡ್ಡಪ್ಪ ಚಿಕ್ಕಮ್ಮನ ಕಡೆ ಬೆರಳು ತೋರಿಸಿದರು. “ಬೇಡ ಬೇಡ ಅಂತ ಬಾಯಿ ತೆರೆದಿದ್ದೇ ತಪ್ಪು, ಇನ್ನೊಂದು ಸೌಟು ಬಿತ್ತು.”

ಚಿಕ್ಕಮ್ಮ ಕೇಳಿಸಿಕೊಳ್ಳದವಳಂತೆ ಗೋಡೆಯ ಮೇಲಿನ ಹಸುವಿನ ಚಿತ್ರ ನೋಡಿದಳು.

ಎರಡನೆಯ ತಪ್ಪು ಇನ್ನೂ ಸ್ವಾರಸ್ಯವಾಗಿತ್ತು. ಸ್ಕ್ರಿಪ್ಟ್ ಪಟ್ಟಿಯ ಆರು ಜನರಿಗೆ ಸಂದೇಶ ಕಳುಹಿಸಿ ಏಳನೆಯ ಸಾಲಿಗೆ ಬಂದಾಗ ಎಡವಿ ಬೀಳುತ್ತಿತ್ತು. ಏಳನೆಯವನು ಅವಳ ಗಂಡ. ನಂಬರಿನಲ್ಲಿ ಒಂದು ಅಂಕೆ ಕಡಿಮೆ. ‘ಕೆಲಸ ಅರ್ಧಕ್ಕೆ ನಿಂತರೆ ಐದು ನಿಮಿಷ ಬಿಟ್ಟು ಮತ್ತೆ ಪ್ರಯತ್ನಿಸು’ ಎಂದು ಅವಳೇ ಕ್ಲೌಡಿಗೆ ಹೇಳಿಟ್ಟಿದ್ದಳು. ವಿಧೇಯನಾದ ಕ್ಲೌಡು ಮತ್ತೆ ಶುರುಮಾಡುತ್ತಿತ್ತು, ಮೊದಲಿನಿಂದ. ದೊಡ್ಡಪ್ಪನಿಗೆ ಹುಳ, ಚಿಕ್ಕಮ್ಮನಿಗೆ ಉಗುರು, ತಮ್ಮನಿಗೆ ಕೊಂಬು, ಹೀಗೆ ಆರೂ ಜನರನ್ನು ಮುಗಿಸಿ ಮತ್ತೆ ಗಂಡನ ಹತ್ತಿರ ಮುಗ್ಗರಿಸುತ್ತಿತ್ತು.

ದೊಡ್ಡಪ್ಪ ಹುಬ್ಬು ಗಂಟಿಕ್ಕಿದರು. “ಇರು ಇರು. ಬಸ್ಸು ಏಳನೇ ಸ್ಟಾಪಲ್ಲಿ ಕೆಟ್ಟು ನಿಲ್ತು. ಅದಕ್ಕೆ ನೀನು ಇನ್ನೊಂದು ಬಸ್ಸನ್ನ ಡಿಪೋದಿಂದಲೇ ಹೊರಡಿಸ್ತೀಯಾ? ಆಗಲೇ ಮನೆ ಸೇರಿದೋರನ್ನೆಲ್ಲ ಎಬ್ಬಿಸಿ ಮತ್ತೆ ಹತ್ತಿಸ್ಕೊಂಡು?”

“ಹೌದು ದೊಡ್ಡಪ್ಪ, ಹಾಗೇ ಆಗಿರೋದು.”

“ಇಳಿದೋರ ಲೆಕ್ಕ ಬರೆದಿಡೋಕೇನು ರೋಗ ನಿನ್ನ ಬಸ್ಸಿಗೆ? ಒಬ್ಬರು ಇಳಿದ್ರು, ಟಿಕ್ ಹಾಕು. ಇನ್ನೊಬ್ಬರು ಇಳಿದ್ರು, ಟಿಕ್ ಹಾಕು. ಮುಂದಿನ ಬಸ್ಸು ಬಂದಾಗ ಟಿಕ್ ಇಲ್ಲದೋರನ್ನ ಮಾತ್ರ ಹತ್ತಿಸ್ಕೋಬೇಕು. ಇನ್ನೊಂದು ಮಾತು. ಒಬ್ಬ ಪ್ರಯಾಣಿಕನ ವಿಳಾಸ ತಪ್ಪಾಗಿದ್ರೆ ಅವನೊಬ್ಬನನ್ನ ಪಕ್ಕಕ್ಕೆ ಕೂರಿಸು. ಅವನಿಗೋಸ್ಕರ ಇಡೀ ಬಸ್ ನಿಲ್ಲಿಸ್ತಾರಾ ಯಾರಾದ್ರೂ?”

ಅಲ್ಪವಿರಾಮ ಬೆಪ್ಪಾಗಿ ಅವರನ್ನೇ ನೋಡಿದಳು. ಇಟ್ಟಿಗೆ ದಪ್ಪದ ಪುಸ್ತಕದಲ್ಲಿ ಇದೇ ವಿಷಯಕ್ಕೆ ನಲವತ್ತು ಪುಟವಿತ್ತು. ಓದಿದ್ದಳು, ತಲೆಗೆ ಹತ್ತಿರಲಿಲ್ಲ. ಬ್ಯಾಗಿನಿಂದ ನೋಟ್‌ಬುಕ್ ತೆಗೆದು ಬರೆದುಕೊಂಡಳು: ‘ಇಳಿದವರಿಗೆ ಟಿಕ್. ಕೆಟ್ಟ ಸಾಲು ಪಕ್ಕಕ್ಕೆ. ಚೌಕದಲ್ಲಿ ಏನು ಬರೆದಿದೆ ಎಂದು ಓದಿ ನೋಡು, ‘ಬೇಕು’ ಎಂದೇ ಇದ್ದರೆ ಮಾತ್ರ ಕಳುಹಿಸು. ಪರೀಕ್ಷೆಗೆ ನಿನ್ನ ನಂಬರೊಂದೇ, ಬೇರೆ ಯಾರದೂ ಬೇಡ.’ ಕೊನೆಯ ಸಾಲಿನ ಕೆಳಗೆ ಮೂರು ಗೆರೆ ಎಳೆದಳು.

ಅಷ್ಟರಲ್ಲಿ ಗಂಡನ ಫೋನು ಬಂತು. ಲಿಫ್ಟಿನ ಕೆಳಗಿನ ಹಳ್ಳದೊಳಗಿಂದ ಮಾತಾಡುತ್ತಿದ್ದನೋ ಏನೋ, ದನಿ ಪ್ರತಿಧ್ವನಿಸುತ್ತಿತ್ತು.

“ಏನೇ, ಎಲ್ಲರಿಗೂ ಏನೇನೋ ಬಂದಿದೆಯಂತೆ? ಅಮ್ಮನಿಗೆ ‘ಹಂಸದ ರೆಕ್ಕೆ ನೋಡುವ ದಿನ’ ಅಂತ ಬಂದಿದೆಯಂತೆ, ಬೆಳಗಿಂದ ಖುಷಿಯಲ್ಲಿ ನಾಲ್ಕು ಜನಕ್ಕೆ ಹೇಳಿದಾಳೆ. ನನಗೆ ಯಾಕೆ ಏನೂ ಬಂದಿಲ್ಲ?”

“ನಿಮ್ಮ ನಂಬರ್ ತಪ್ಪು ಬರೆದಿದ್ದೆ, ರೀ.”

“ಹದಿನೇಳು ವರ್ಷ ಆಯ್ತು ಮದುವೆಯಾಗಿ.”

“ನೀವು ಪಟ್ಟೀಲಿ ಇದೀರಿ ಕಣ್ರೀ! ಕುದುರೆ ಮಾಡಿದೀನಿ ನಿಮ್ಮನ್ನ.”

“ಕುದುರೆಯಾ?” ದನಿ ಒಮ್ಮೆಲೇ ಅರಳಿತು. “ಎಂಥ ಕುದುರೆ?”

ಅಲ್ಪವಿರಾಮ ಪರದೆ ನೋಡಿದಳು. ಕುದುರೆಯ ಸಾಲಿನ ಕೊನೆಯಲ್ಲಿ ‘ಕರೆದರೆ ಓಗೊಡುವುದಿಲ್ಲ. ನಿಂತಲ್ಲೇ ನಿದ್ದೆ’ ಎಂದಿತ್ತು. “ಒಳ್ಳೇ ಜಾತಿ ಕುದುರೆ” ಎಂದಳು. ಹಿಂದಿನಿಂದ ಅದನ್ನೇ ಓದುತ್ತಿದ್ದ ಚಿಕ್ಕಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡಳು. ಆಮೇಲೆ ತನ್ನ ಸಾಲನ್ನೂ ಓದಿದಳು. ಪಂಜರದ ಮೇಲೆ ಬಟ್ಟೆ ಹೊದಿಸುವ ಮಾತು ಓದಿ ಮುಖ ಗಂಟಾಯಿತು. ಆದರೆ ಪಕ್ಕದಲ್ಲೇ ‘ವಯಸ್ಸು ಮೂರು’ ಎಂದಿತ್ತು. ಮೂರು ಎಂದರೆ ಗಿಳಿಗಳಲ್ಲಿ ಎಳೆಯ ಪ್ರಾಯವೋ ಎಂದು ಡಾಕ್ಟರಮ್ಮನನ್ನು ಕೇಳಿದಳು. ತೀರಾ ಎಳೆಯದು ಎಂದು ಅವರು ಹೇಳಿದ ಮೇಲೆ ಗಂಟು ಸಡಿಲಾಯಿತು.

ಡಾಕ್ಟರಮ್ಮ ದೂರು ಕೊಡುತ್ತಾರೆ, ಕೆಲಸ ಕೈತಪ್ಪುತ್ತದೆ ಎಂದು ಅಲ್ಪವಿರಾಮ ಅಂಜಿದ್ದಳು. ಅವರು ಯಜಮಾನರಿಗೆ ಫೋನು ಮಾಡಿದ್ದೂ ನಿಜ. “ಸಂದೇಶ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತೆ ಅಂದ್ರೆ, ಪ್ರಾಣಿ ಇಲ್ಲದೋರೂ ಬಂದ್ರು ನೋಡಿ” ಎಂದರಂತೆ. ಯಜಮಾನರಿಗೆ ಇದು ಹೊಗಳಿಕೆಯೋ ಬೈಗುಳವೋ ಇವತ್ತಿಗೂ ತಿಳಿದಿಲ್ಲ. ಎರಡು ವಾರ ತಿದ್ದಿ ತೀಡಿದ ಮೇಲೆ ಸ್ಕ್ರಿಪ್ಟ್ ನಿಜವಾದ ಪಟ್ಟಿಯೊಂದಿಗೆ ಹೊರಟಿತು. ಇನ್ನೂರ ಹನ್ನೊಂದು ಸಂದೇಶ, ಇನ್ನೂರ ಹನ್ನೊಂದು ಟಿಕ್. ಮೂರು ತಪ್ಪು ನಂಬರುಗಳು ಸದ್ದಿಲ್ಲದೆ ಪಕ್ಕಕ್ಕೆ ಕೂತವು.

ದೊಡ್ಡಪ್ಪ ಮಾತ್ರ ಸುಮ್ಮನಿರಲಿಲ್ಲ. ಬಸ್ಸಿನ ಮಾತು ಆಡಿದಂದಿನಿಂದ ಈ ವಿದ್ಯೆಯಲ್ಲಿ ತನಗೂ ಒಂದು ಪಾಲಿದೆ ಎಂದು ಅವರಿಗೆ ಅನ್ನಿಸಿಬಿಟ್ಟಿತ್ತು. ಒಂದು ಗುರುವಾರ ಆಫೀಸಿನ ಮೆಟ್ಟಿಲು ಹತ್ತಿ ಬಂದು, “ಏನಾದ್ರೂ ಹೊಸದು ಮಾಡಿದೀಯಾ? ಕೊಡಿಲ್ಲಿ, ಒತ್ತಿ ನೋಡ್ತೀನಿ” ಎಂದರು. ಈಜುಕೊಳವೊಂದಕ್ಕೆ ಹೆಸರು ನೋಂದಾಯಿಸುವ ಪುಟ ಆಗಷ್ಟೇ ಮುಗಿದಿತ್ತು. ಮೂರು ಜನ ಪರೀಕ್ಷಿಸಿ, ಎಲ್ಲ ಸರಿ ಎಂದಿದ್ದ ಪುಟ. ದೊಡ್ಡಪ್ಪ ಕನ್ನಡಕ ಏರಿಸಿಕೊಂಡು ಕೂತರು. ವಯಸ್ಸು ಎಂಬಲ್ಲಿ ‘ಸಾಕಷ್ಟು ಆಗಿದೆ’ ಎಂದು ಬರೆದರು. ಫೋನ್ ನಂಬರ್ ಎಂಬಲ್ಲಿ ‘ನಿಮ್ಮ ಹತ್ತಿರ ಆಗಲೇ ಇದೆ’ ಎಂದರು. ಈಜು ಬರುತ್ತದೆಯೇ ಎಂಬ ಪ್ರಶ್ನೆಗೆ ಹೌದು, ಇಲ್ಲ ಎರಡನ್ನೂ ಒತ್ತಿದರು.

“ಎರಡೂ ಹೇಗೆ ದೊಡ್ಡಪ್ಪ?”

“ಬರ್ತಿತ್ತು, ಈಗ ಬರಲ್ಲ. ಅದನ್ನ ಎಲ್ಲಿ ಬರೀಲಿ?”

ಆಮೇಲೆ ‘ಸಲ್ಲಿಸಿ’ ಎಂಬ ಗುಂಡಿಯನ್ನು, ಬಸ್ಸು ನಿಲ್ಲಿಸಲು ಬೆಲ್ ಬಾರಿಸುವವರಂತೆ, ಪಟಪಟನೆ ಒಂಬತ್ತು ಸಲ ಒತ್ತಿದರು. ಪರದೆ ಬೆಳ್ಳಗಾಯಿತು. ಪುಟ ಸತ್ತುಬಿದ್ದಿತು. ಈಜುಕೊಳಕ್ಕೆ ಒಬ್ಬರೇ ದೊಡ್ಡಪ್ಪ ಒಂಬತ್ತು ಸಲ ಸೇರಿದ್ದರು.

ಡಿಸೈನರ್ ತಲೆ ಹಿಡಿದುಕೊಂಡ. ಯಜಮಾನರು ಒಳಗಿನಿಂದ, “ಏನಾಯ್ತು?” ಎಂದು ಕೂಗಿದರು. ಅಲ್ಪವಿರಾಮ ನೋಟ್‌ಬುಕ್ಕಿನ ಹೊಸ ಪುಟ ತಿರುವಿ, ಪೆನ್ನಿನ ಮುಚ್ಚಳ ತೆಗೆದು, ಕುರ್ಚಿಯನ್ನು ದೊಡ್ಡಪ್ಪನ ಪಕ್ಕಕ್ಕೆ ಎಳೆದುಕೊಂಡಳು.

“ಸರಿ, ಈಗ ಮೊದಲಿಂದ ಮಾಡಿ ದೊಡ್ಡಪ್ಪ. ನಿಧಾನವಾಗಿ. ಏನು ಒತ್ತಿದ್ರಿ, ಯಾಕೆ ಒತ್ತಿದ್ರಿ, ಒಂದೊಂದೇ ಹೇಳ್ತಾ ಹೋಗಿ.”